ನೆಟ್ಟಿ ಸ್ಟೀವನ್ಸ್: ಮೂವತ್ತೈದರಲ್ಲಿ ಮತ್ತೆ ವಿದ್ಯಾರ್ಥಿನಿಯಾದ ಶಿಕ್ಷಕಿ

ಈ ಬಾರಿಯ ಬೋಧನಾಭ್ಯಾಸದಲ್ಲಿ ನನಗೆ ಸಿಕ್ಕಿದ್ದು ಹತ್ತನೇ ತರಗತಿಯ ಜೀವವಿಜ್ಞಾನ. ಅನುವಂಶೀಯತೆ ಘಟಕದಲ್ಲಿ ಬರುವ ಲಿಂಗ ನಿರ್ಧಾರ ಎಂಬ ಭಾಗಕ್ಕೆ ಒಂದು ಅವಧಿಯ ಪಾಠಯೋಜನೆ ಬರೆದುಕೊಂಡಿದ್ದೆ. ಎಕ್ಸ್ ಮತ್ತು ವೈ ವರ್ಣತಂತುಗಳ ಚಾರ್ಟ್ ಕೂಡ ಸಿದ್ಧವಿತ್ತು. ತಾಯಿಯಿಂದ ಬರುವುದು ಯಾವಾಗಲೂ ಎಕ್ಸ್, ತಂದೆಯಿಂದ ಎಕ್ಸ್ ಬಂದರೆ ಹೆಣ್ಣು ಮಗು, ವೈ ಬಂದರೆ ಗಂಡು ಮಗು ಎಂದು ವಿವರಿಸಿ, ಕಪ್ಪುಹಲಗೆಯಲ್ಲಿ ಚೌಕ ಬಿಡಿಸಿ, ಮೌಲ್ಯಮಾಪನದ ಪ್ರಶ್ನೆಗಳಿಗೆ ಬಂದೆ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಇದನ್ನು ಮೊದಲು ಕಂಡುಹಿಡಿದವರು ಯಾರು, ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು. ನಾನು ಯೋಚಿಸದೆ ಮೆಂಡೆಲ್ ಎಂದುಬಿಟ್ಟೆ. ಅವಳು ಕೂತುಕೊಂಡಳು, ಆದರೆ ಒಪ್ಪಿದಂತೆ ಕಾಣಲಿಲ್ಲ. ತಮ್ಮ ಮನೆಯಲ್ಲಿ ಹೆಣ್ಣು ಹುಟ್ಟಿದ್ದಕ್ಕೆ ಅಮ್ಮನನ್ನೇ ಬೈಯುತ್ತಾರೆ ಎಂದು ಪಕ್ಕದವಳ ಹತ್ತಿರ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು.

ಆ ಮಾತು ನನಗೆ ಹೊಸದಲ್ಲ. ನಾವು ಮೂವರು ಹೆಣ್ಣುಮಕ್ಕಳು. ನಾನು ನಡುವಿನವಳು. ನನ್ನ ತಂಗಿ ಹುಟ್ಟಿದಾಗ ಮನೆಯ ಹಿರಿಯರು ಮೂರು ದಿನ ಅಮ್ಮನನ್ನು ಮಾತನಾಡಿಸಲಿಲ್ಲವಂತೆ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ ಮೇಲೂ ಆ ಹುಡುಗಿಯ ಪ್ರಶ್ನೆಗೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ ಎಂಬುದು ಆ ಸಂಜೆ ನನ್ನನ್ನು ಕಾಡಿತು. ಮೆಂಡೆಲ್ ಪ್ರಯೋಗ ಮಾಡಿದ್ದು ಬಟಾಣಿ ಗಿಡಗಳ ಮೇಲೆ. ಎಕ್ಸ್, ವೈ ಅವರ ಕೆಲಸವಲ್ಲ. ಹುಡುಕುತ್ತಾ ಹೋದಾಗ ನಾನು ಪಾಠಕ್ಕೆ ಓದಿಕೊಂಡಿದ್ದ ಪುಟಗಳಲ್ಲಿ ಇಲ್ಲದ ಒಂದು ಹೆಸರು ಸಿಕ್ಕಿತು: ನೆಟ್ಟಿ ಮರಿಯಾ ಸ್ಟೀವನ್ಸ್. ಅವರ ಬದುಕನ್ನು ಓದಿದಾಗ ಇನ್ನೊಂದು ಸಂಗತಿ ತಿಳಿಯಿತು. ಅವರೂ ನಮ್ಮಂತೆಯೇ ಶಿಕ್ಷಕರ ತರಬೇತಿ ಶಾಲೆಯಲ್ಲಿ ಓದಿದವರು. ಆದ್ದರಿಂದ ಅವರ ಜೀವನವನ್ನು ಈ ಪತ್ರಿಕೆಯ ಓದುಗರಿಗೆ ಪರಿಚಯಿಸಬೇಕೆನಿಸಿತು.

ನೆಟ್ಟಿ ಹುಟ್ಟಿದ್ದು 1861ರ ಜುಲೈ 7ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಎಂಬ ಊರಿನಲ್ಲಿ. ತಂದೆ ಬಡಗಿ. ನೆಟ್ಟಿ ಇನ್ನೂ ಪುಟ್ಟ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡರು. ಬಳಿಕ ಕುಟುಂಬ ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್‌ಫರ್ಡ್‌ಗೆ ಬಂದು ನೆಲೆಸಿತು. ನೆಟ್ಟಿ ಮತ್ತು ಅವರ ಸಹೋದರಿ ಎಮ್ಮಾ ಇಬ್ಬರನ್ನೂ ತಂದೆ ಶಾಲೆಗೆ ಕಳುಹಿಸಿದರು. 1880ರಲ್ಲಿ ನೆಟ್ಟಿ ವೆಸ್ಟ್‌ಫರ್ಡ್ ಅಕಾಡೆಮಿಯಲ್ಲಿ ಓದು ಮುಗಿಸಿದರು.

ಆ ಕಾಲದಲ್ಲಿ ಓದಿದ ಹೆಣ್ಣುಮಗಳಿಗೆ ಸುಲಭವಾಗಿ ತೆರೆದಿದ್ದ ಬಾಗಿಲು ಶಾಲೆಯದು. ನೆಟ್ಟಿ ನ್ಯೂ ಹ್ಯಾಂಪ್‌ಶೈರ್‌ನ ಲೆಬನಾನ್ ಊರಿನ ಪ್ರೌಢಶಾಲೆಯಲ್ಲಿ ಪಾಠ ಮಾಡಿದರು. ಪ್ರಾಣಿಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಗಣಿತ, ಲ್ಯಾಟಿನ್, ಇಂಗ್ಲಿಷ್ ಎಲ್ಲವೂ ಅವರ ಪಾಲಿಗೆ ಬಂದಿದ್ದವು. ಆಮೇಲೆ ವೆಸ್ಟ್‌ಫೀಲ್ಡ್ ನಾರ್ಮಲ್ ಶಾಲೆಗೆ ಸೇರಿದರು. ಅಲ್ಲಿ ನಾರ್ಮಲ್ ಶಾಲೆ ಎಂದರೆ ನಮ್ಮ ಶಿಕ್ಷಕರ ತರಬೇತಿ ಸಂಸ್ಥೆ. ನಾಲ್ಕು ವರ್ಷದ ಪಾಠಕ್ರಮವನ್ನು ಎರಡೇ ವರ್ಷದಲ್ಲಿ ಮುಗಿಸಿ 1883ರಲ್ಲಿ ಹೊರಬಂದರು. ಮುಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಶಿಕ್ಷಕಿಯಾಗಿ, ಗ್ರಂಥಪಾಲಕಿಯಾಗಿ ದುಡಿದರು. ದುಡಿದದ್ದರಲ್ಲಿ ಮುಂದಿನ ಓದಿಗೆಂದು ಹಣ ಕೂಡಿಸಿಟ್ಟರು.

1896ರಲ್ಲಿ, ತಮ್ಮ 35ನೇ ವಯಸ್ಸಿನಲ್ಲಿ, ದೇಶದ ಇನ್ನೊಂದು ತುದಿಯ ಕ್ಯಾಲಿಫೋರ್ನಿಯಾಗೆ ಹೋಗಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿಯಾದರು. ಜೊತೆಗೆ ಓದುತ್ತಿದ್ದವರಲ್ಲಿ ಹೆಚ್ಚಿನವರು ಅವರ ಹಳೆಯ ಶಿಷ್ಯರ ವಯಸ್ಸಿನವರಿದ್ದಿರಬೇಕು. 1899ರಲ್ಲಿ ಪದವಿ, 1900ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಬೇಸಿಗೆ ರಜೆಯಲ್ಲಿ ಊರಿಗೆ ಹೋಗದೆ ಪೆಸಿಫಿಕ್ ಗ್ರೋವ್‌ನ ಹಾಪ್ಕಿನ್ಸ್ ಸಮುದ್ರತೀರದ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತರು. ಅವರ ಮೊದಲ ಸಂಶೋಧನೆ ಲೋಮಾಂಗಗಳಿರುವ ಏಕಕೋಶ ಜೀವಿಗಳ ಬಗ್ಗೆ. ನಾವು ಪ್ಯಾರಮೀಸಿಯಂ ಎಂದು ಸ್ಲೈಡ್‌ನಲ್ಲಿ ನೋಡುತ್ತೇವಲ್ಲ, ಆ ಗುಂಪಿನವು.

ಪಿಎಚ್.ಡಿ.ಗೆ ಅವರು ಆರಿಸಿಕೊಂಡದ್ದು ಪೆನ್ಸಿಲ್ವೇನಿಯಾದ ಬ್ರಿನ್ ಮಾರ್ ಎಂಬ ಮಹಿಳಾ ಕಾಲೇಜು. ಹೆಣ್ಣುಮಕ್ಕಳಿಗೆ ಡಾಕ್ಟರೇಟ್ ವರೆಗೆ ಓದಲು ಅವಕಾಶ ಕೊಟ್ಟ ಸಂಸ್ಥೆ ಅದು. ಅಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವರು ಥಾಮಸ್ ಹಂಟ್ ಮಾರ್ಗನ್. ನೆಟ್ಟಿಯ ಕೆಲಸ ನೋಡಿದ ಕಾಲೇಜು ಅವರಿಗೆ ಯುರೋಪಿಗೆ ಹೋಗಲು ಶಿಷ್ಯವೇತನ ಕೊಟ್ಟಿತು. ಇಟಲಿಯ ನೇಪಲ್ಸ್ ಪ್ರಾಣಿಶಾಸ್ತ್ರ ಕೇಂದ್ರದಲ್ಲೂ ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿ ಥಿಯೊಡೋರ್ ಬೊವೆರಿ ಅವರ ಬಳಿಯೂ ಕೆಲಸ ಮಾಡಿದರು. ಅನುವಂಶೀಯತೆಯಲ್ಲಿ ವರ್ಣತಂತುಗಳ ಪಾತ್ರವೇನು ಎಂದು ಆಗ ಆಳವಾಗಿ ಅಧ್ಯಯನ ಮಾಡುತ್ತಿದ್ದವರಲ್ಲಿ ಬೊವೆರಿ ಒಬ್ಬರು. 1903ರಲ್ಲಿ ನೆಟ್ಟಿಗೆ ಪಿಎಚ್.ಡಿ. ಬಂತು. ವೆಸ್ಟ್‌ಫೀಲ್ಡ್‌ನಿಂದ ಹೊರಬಂದು ಆಗ 20 ವರ್ಷವಾಗಿತ್ತು.

ಪದವಿ ಬಂತು, ಆದರೆ ಹೊಟ್ಟೆಪಾಡಿನ ಚಿಂತೆ ತಪ್ಪಲಿಲ್ಲ. ಸಂಶೋಧನೆ ಮಾಡಿಕೊಂಡು ಬದುಕಲು ಆಗಷ್ಟೇ ಆರಂಭವಾಗಿದ್ದ ವಾಷಿಂಗ್ಟನ್‌ನ ಕಾರ್ನೆಗಿ ಸಂಸ್ಥೆಗೆ ನೆರವು ಕೇಳಿ ಅರ್ಜಿ ಹಾಕಿದರು. ಮಾರ್ಗನ್ ಬೆಂಬಲಿಸಿ ಬರೆದರು. ಆ ನೆರವಿನಿಂದ ನಡೆದ ಕೆಲಸವೇ ನಮ್ಮ ಹತ್ತನೇ ತರಗತಿಯ ಪಾಠಕ್ಕೆ ಬುನಾದಿ.

ಗಂಡು ಹೆಣ್ಣು ಹೇಗೆ ನಿರ್ಧಾರವಾಗುತ್ತದೆ ಎಂಬುದಕ್ಕೆ ಆಗ ಖಚಿತ ಉತ್ತರವಿರಲಿಲ್ಲ. ತಾಯಿಯ ಆಹಾರ, ಸುತ್ತಲಿನ ಉಷ್ಣಾಂಶ ಇಂಥವೇ ಕಾರಣ ಎಂದು ಅನೇಕ ವಿಜ್ಞಾನಿಗಳು ನಂಬಿದ್ದರು. 1902ರಲ್ಲಿ ಮೆಕ್‌ಕ್ಲಂಗ್ ಎಂಬುವರು ಕೀಟಗಳ ಕೆಲವು ವೀರ್ಯಾಣುಗಳಲ್ಲಿ ಮಾತ್ರ ಇರುವ ಒಂದು ಹೆಚ್ಚುವರಿ ವರ್ಣತಂತುವಿಗೂ ಲಿಂಗಕ್ಕೂ ಸಂಬಂಧವಿದೆ ಎಂದಿದ್ದರು. ಆದರೆ ಅದು ಗಂಡನ್ನು ಉಂಟುಮಾಡುತ್ತದೆಂದು ತಪ್ಪಾಗಿ ಊಹಿಸಿದ್ದರು.

ನೆಟ್ಟಿ ಹಲವು ಕೀಟಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಉತ್ತರ ಕೊಟ್ಟದ್ದು ಹಿಟ್ಟಿನಲ್ಲಿ ಬೆಳೆಯುವ ಟೆನಿಬ್ರಿಯೊ ಎಂಬ ದುಂಬಿ. ನಮ್ಮ ಮನೆಯ ರವೆ, ಮೈದಾ ಡಬ್ಬಿಗಳಲ್ಲಿ ಕಾಣುವ ಕೆಂಗಂದು ಬಣ್ಣದ ಪುಟ್ಟ ಹುಳು ಇದರದೇ ಕುಟುಂಬಕ್ಕೆ ಸೇರಿದ್ದು. ಅಂಗಾಂಶವನ್ನು ತೆಳುವಾಗಿ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಕೋಶದ ವರ್ಣತಂತುಗಳನ್ನು ಎಣಿಸಿದರು. ಹೆಣ್ಣು ದುಂಬಿಯ ಕೋಶದಲ್ಲಿ 20 ದೊಡ್ಡ ವರ್ಣತಂತುಗಳು. ಗಂಡು ದುಂಬಿಯ ಕೋಶದಲ್ಲಿ 19 ದೊಡ್ಡವು, ಒಂದು ಚಿಕ್ಕದು. ಮುಂದೆ ವೀರ್ಯಾಣುಗಳನ್ನು ನೋಡಿದರು. ಅರ್ಧದಷ್ಟರಲ್ಲಿ 10 ದೊಡ್ಡವು. ಉಳಿದರ್ಧದಲ್ಲಿ 9 ದೊಡ್ಡವು, ಒಂದು ಚಿಕ್ಕದು.

ಇಲ್ಲಿಂದ ಲೆಕ್ಕ ಸರಳ. ಅಂಡಾಣುಗಳೆಲ್ಲ ಒಂದೇ ಬಗೆ, 10 ದೊಡ್ಡವು. ಅದಕ್ಕೆ ಮೊದಲ ಬಗೆಯ ವೀರ್ಯಾಣು ಸೇರಿದರೆ 20 ದೊಡ್ಡವು, ಅಂದರೆ ಹೆಣ್ಣು. ಎರಡನೇ ಬಗೆಯದು ಸೇರಿದರೆ 19 ದೊಡ್ಡವು ಮತ್ತು ಒಂದು ಚಿಕ್ಕದು, ಅಂದರೆ ಗಂಡು. ಆ ಚಿಕ್ಕದನ್ನೇ ನಾವು ಈಗ ವೈ ಎನ್ನುತ್ತೇವೆ. ಈ ಲೇಖನ 1905ರಲ್ಲಿ ಕಾರ್ನೆಗಿ ಸಂಸ್ಥೆಯಿಂದ ಪ್ರಕಟವಾಯಿತು.

ಅದೇ ವರ್ಷ ಎಡ್ಮಂಡ್ ವಿಲ್ಸನ್ ಬೇರೆ ಕೀಟಗಳನ್ನು ಪರೀಕ್ಷಿಸಿ, ಸ್ವತಂತ್ರವಾಗಿ ಇಂಥದೇ ಫಲಿತಾಂಶ ಪ್ರಕಟಿಸಿದರು. ಶ್ರೇಯಸ್ಸು ಇಬ್ಬರಿಗೂ ಸಲ್ಲಬೇಕು. ಆದರೆ ವಿಲ್ಸನ್ ಆಗಲೇ ಹೆಸರಾಂತ ಪ್ರಾಧ್ಯಾಪಕರು, ನೆಟ್ಟಿ ಪಿಎಚ್.ಡಿ. ಮುಗಿಸಿ ಎರಡು ವರ್ಷವಾಗಿದ್ದವರು. ಬಹುಕಾಲ ಪುಸ್ತಕಗಳಲ್ಲಿ ವಿಲ್ಸನ್ ಹೆಸರೇ ಮುಂದಿತ್ತು. ಮಾರ್ಗನ್ ಅವರಂತೂ ಆಗ ವರ್ಣತಂತುಗಳಿಂದ ಲಿಂಗ ನಿರ್ಧಾರವಾಗುತ್ತದೆ ಎಂಬುದನ್ನೇ ಒಪ್ಪಿರಲಿಲ್ಲ. ಹಣ್ಣಿನ ನೊಣಗಳ ಮೇಲೆ ತಾವೇ ಪ್ರಯೋಗ ಮಾಡಿದ ಮೇಲೆ, 1910ರ ನಂತರ ಒಪ್ಪಿದರು. ಅನುವಂಶೀಯತೆಯಲ್ಲಿ ವರ್ಣತಂತುಗಳ ಪಾತ್ರವನ್ನು ತೋರಿಸಿದ್ದಕ್ಕೆ 1933ರಲ್ಲಿ ಅವರಿಗೆ ನೊಬೆಲ್ ಬಂತು.

ನೆಟ್ಟಿ ಒಂದು ದುಂಬಿಗೆ ನಿಲ್ಲಲಿಲ್ಲ. ಸುಮಾರು 50 ಜಾತಿಯ ದುಂಬಿಗಳನ್ನೂ ಹಲವು ಬಗೆಯ ನೊಣಗಳನ್ನೂ ಪರೀಕ್ಷಿಸಿ ತಮ್ಮ ತೀರ್ಮಾನವನ್ನು ಗಟ್ಟಿಮಾಡಿಕೊಂಡರು. ಬ್ರಿನ್ ಮಾರ್‌ನಲ್ಲಿ ಪಾಠವನ್ನೂ ಮಾಡುತ್ತಿದ್ದರು. ಅವರ ಸಂಶೋಧನಾ ಜೀವನ ಹನ್ನೆರಡು ವರ್ಷ ದಾಟಲಿಲ್ಲ. ಅಷ್ಟರಲ್ಲೇ 38ರಷ್ಟು ಲೇಖನಗಳು ಬಂದವು. ಕೊನೆಗೂ ಕಾಲೇಜು ಅವರಿಗಾಗಿಯೇ ಒಂದು ಸಂಶೋಧನಾ ಪ್ರಾಧ್ಯಾಪಕ ಹುದ್ದೆ ರೂಪಿಸಿತು. ಆದರೆ ಅದನ್ನು ವಹಿಸಿಕೊಳ್ಳುವ ಮೊದಲೇ, 1912ರ ಮೇ 4ರಂದು, ಬಾಲ್ಟಿಮೋರ್‌ನಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 50 ವರ್ಷ.

ಇಷ್ಟು ಓದಿಕೊಂಡು ಮುಂದಿನ ಅವಧಿಗೆ ಹೋದೆ. ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡೆ. ಚಾರ್ಟ್ ಬದಿಗಿಟ್ಟು, ಕಪ್ಪುಹಲಗೆಯ ಮೇಲೆ 20, 19 ಮತ್ತು 1 ಎಂಬ ಎಣಿಕೆಗಳನ್ನಷ್ಟೇ ಬರೆದು, ಇದರಿಂದ ಏನು ತಿಳಿಯುತ್ತದೆ ಎಂದು ಮಕ್ಕಳನ್ನೇ ಕೇಳಿದೆ. ಹತ್ತು ನಿಮಿಷದೊಳಗೆ ಮೂರು ಗುಂಪುಗಳು ಉತ್ತರಕ್ಕೆ ಬಂದವು. ಹಿಂದಿನ ದಿನ ನಾನು ಹೇಳಿಕೊಟ್ಟಿದ್ದನ್ನು ಈ ದಿನ ಅವರೇ ಕಂಡುಕೊಂಡರು. ಹಿಂದಿನ ಬೆಂಚಿನ ಹುಡುಗಿ, ಹಾಗಾದರೆ ತಪ್ಪು ಅಪ್ಪನದಾ ಎಂದು ಕೇಳಿದಳು. ನಾನು ಹೌದು ಎನ್ನುವವಳಿದ್ದೆ. ನನ್ನ ಮನೆಯ ನೆನಪು ಹಾಗೆ ಹೇಳಿಸುತ್ತಿತ್ತು. ಆದರೆ ಹಲಗೆಯ ಮೇಲಿನ ಲೆಕ್ಕ ಬೇರೆಯೇ ಹೇಳುತ್ತಿತ್ತು. ಎರಡು ಬಗೆಯ ವೀರ್ಯಾಣುಗಳೂ ಅರ್ಧರ್ಧ. ಯಾವುದು ಸೇರುತ್ತದೆ ಎಂಬುದು ಆಕಸ್ಮಿಕ, ಯಾರ ಇಷ್ಟದಿಂದಲೂ ಆಗುವುದಲ್ಲ. ಹೆಣ್ಣು ಹುಟ್ಟುವುದು ತಪ್ಪೇ ಅಲ್ಲದಿದ್ದ ಮೇಲೆ ಅದನ್ನು ಯಾರ ಮೇಲೆ ಹೊರಿಸುವ ಮಾತೂ ಇಲ್ಲ ಎಂದೆ. ಎಲ್ಲ ಪ್ರಾಣಿಗಳಲ್ಲೂ ಹೀಗೆಯೇ ಅಲ್ಲ, ಹಕ್ಕಿಗಳಲ್ಲಿ ಇದನ್ನು ನಿರ್ಧರಿಸುವುದು ತಾಯಿಯ ಅಂಡಾಣು, ಮೊಸಳೆಗಳಲ್ಲಿ ಮೊಟ್ಟೆಗೆ ತಾಗುವ ಉಷ್ಣಾಂಶ ಎಂದೂ ಸೇರಿಸಿದೆ. ಪಾಠ ವೀಕ್ಷಿಸಿದ ಮಾರ್ಗದರ್ಶಕ ಶಿಕ್ಷಕರು, ಇದನ್ನೆಲ್ಲ ಮೊದಲ ದಿನವೇ ಪಾಠಯೋಜನೆಯಲ್ಲಿ ಸೇರಿಸಬಹುದಿತ್ತು ಎಂದು ವೀಕ್ಷಣಾ ಪುಸ್ತಕದಲ್ಲಿ ಬರೆದರು. ಅದು ನಿಜ.

ಈ ಘಟಕ ಬೋಧಿಸುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಒಂದೇ. ಎಕ್ಸ್, ವೈ ಚಾರ್ಟ್ ತೋರಿಸುವ ಮೊದಲು ನೆಟ್ಟಿ ಅವರ ಎಣಿಕೆಯನ್ನು ಮಕ್ಕಳ ಮುಂದಿಡಿ. ಮನೆಯಲ್ಲಿ ಕೇಳಿದ ಮಾತನ್ನು ಪರೀಕ್ಷಿಸಲು ಅವರಿಗೆ ಒಂದು ಆಧಾರ ಸಿಗುತ್ತದೆ.

ನನ್ನ ಮಟ್ಟಿಗೆ ಹೇಳುವುದಾದರೆ, ಎಂ.ಎಸ್ಸಿ. ಮಾಡಿ ಪ್ರಾಣಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಬೇಕೆಂಬ ಆಸೆಯನ್ನು ಬಿ.ಇಡಿ. ಸೇರಿದ ದಿನವೇ ಬಿಟ್ಟಿದ್ದೆ. ಮೊದಲು ಕೆಲಸ, ತಂಗಿಯ ಓದು, ಆಮೇಲೆ ವಯಸ್ಸು ಮೀರಿರುತ್ತದೆ ಎಂಬುದು ನನ್ನ ಲೆಕ್ಕ. ಕೆಲಸ ಈಗಲೂ ಮೊದಲೇ, ತಂಗಿಯ ಓದೂ ಹಾಗೆಯೇ. ವಯಸ್ಸಿನ ಲೆಕ್ಕವನ್ನು ಮಾತ್ರ ಹೊಡೆದುಹಾಕಿದ್ದೇನೆ. ಮೊದಲ ಸಂಬಳದಿಂದಲೇ ಸ್ವಲ್ಪ ಸ್ವಲ್ಪ ಎತ್ತಿಡಬೇಕೆಂದುಕೊಂಡಿದ್ದೇನೆ. ಅಮ್ಮನಿಗೆ ಈ ಪಾಠ ಇನ್ನೂ ಹೇಳಿಲ್ಲ. ಈ ಭಾನುವಾರ ಊರಿಗೆ ಹೋಗುತ್ತಿದ್ದೇನೆ. ಹಿಟ್ಟಿನ ಡಬ್ಬಿಯ ಹುಳುವಿನಿಂದಲೇ ಶುರುಮಾಡುತ್ತೇನೆ.