ಕಂಕನಾಡಿಯ ಫಾದರ್ ಮುಲ್ಲರ್: ಮದ್ದು ಮಾರಿ ಆಸರೆಯ ಮನೆ ನಡೆಸಿದ ಗುರು

ನವೆಂಬರ್ 1 ಸಕಲ ಸಂತರ ಹಬ್ಬ. ಮಂಗಳೂರಿನವರಿಗೆ ಆ ದಿನ ಮತ್ತೊಂದು ಕಾರಣಕ್ಕೂ ನೆನಪಿನ ದಿನ. 1910ರ ಅದೇ ದಿನ ಯೇಸುಸಭೆಯ ವಂದನೀಯ ಫಾದರ್ ಅಗಸ್ಟಸ್ ಮುಲ್ಲರ್‌ರವರು ದೈವಾಧೀನರಾದರು. ಅವರ ಹೆಸರಿನ ಆಸ್ಪತ್ರೆ ಕರಾವಳಿಯ ಮನೆ ಮನೆಗೂ ಗೊತ್ತು. ಅಲ್ಲಿ ಹುಟ್ಟಿದವರು, ಅಲ್ಲಿ ಚಿಕಿತ್ಸೆ ಪಡೆದವರು, ಅಲ್ಲಿ ದಾದಿಯರಾಗಿ ಕಲಿತು ದೇಶ ವಿದೇಶಗಳಿಗೆ ಹೋದವರು ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇದ್ದಾರೆ. ಆದರೆ ಆ ಗುರುಗಳು ಮನೆಯಿಂದ ಹೊರಹಾಕಲ್ಪಟ್ಟ ರೋಗಿಗಳಿಗೆ ಒಂದು ಸೂರನ್ನು ಹೇಗೆ ಕಟ್ಟಿದರು, ಅದನ್ನು ನಡೆಸಲು ಹಣವನ್ನು ಎಲ್ಲಿಂದ ತಂದರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬೀದಿಯಲ್ಲಿ ಅಲೆಯುವ ಮನೋರೋಗಿಗಳಿಗೆ ಆಸರೆ ಎಲ್ಲಿ ಎಂಬ ಪ್ರಶ್ನೆ ನಮ್ಮ ಮುಂದಿರುವ ಈ ಕಾಲದಲ್ಲಿ ಅವರ ಜೀವನವನ್ನು ಆ ದೃಷ್ಟಿಯಿಂದ ನೋಡುವುದು ಒಳ್ಳೆಯದು ಎಂದು ನಮಗೆ ತೋರಿತು.

ಜರ್ಮನಿಯಿಂದ ಮಂಗಳೂರಿಗೆ

ಅಗಸ್ಟಸ್ ಮುಲ್ಲರ್ 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ಹುಟ್ಟಿದರು. ಯುವಕನಾಗಿದ್ದಾಗ ಯೇಸುಸಭೆಯನ್ನು ಸೇರಿದರು. ಅವರ ಆರೋಗ್ಯ ಎಂದೂ ಗಟ್ಟಿಯಾಗಿರಲಿಲ್ಲ. ಅಮೆರಿಕದಲ್ಲಿದ್ದಾಗ ಹೋಮಿಯೋಪತಿ ಚಿಕಿತ್ಸೆ ಪಡೆದ ಮೇಲೆ ಅವರಿಗೆ ಗುಣವಾಯಿತು. ಅಲ್ಲಿಂದ ಆ ಪದ್ಧತಿಯ ಮೇಲೆ ನಂಬಿಕೆ ಬೆಳೆದು, ಅದನ್ನು ತಾವೇ ಅಭ್ಯಾಸ ಮಾಡಿದರು.

ಆ ದಿನಗಳಲ್ಲಿ ಮಂಗಳೂರಿನ ಕ್ರೈಸ್ತರು ತಮ್ಮ ಮಕ್ಕಳಿಗೆ ಉತ್ತಮ ವಿದ್ಯಾಭ್ಯಾಸ ಬೇಕು, ಅದಕ್ಕಾಗಿ ಜೆಸ್ವಿಟ್ ಗುರುಗಳನ್ನು ಕಳುಹಿಸಬೇಕು ಎಂದು ರೋಮಿಗೆ ಮನವಿ ಮಾಡುತ್ತಲೇ ಇದ್ದರು. 1878ರಲ್ಲಿ ಮಂಗಳೂರು ಮಿಶನ್ ಕಾರ್ಮೆಲ್ ಸಭೆಯವರಿಂದ ಯೇಸುಸಭೆಯ ಕೈಗೆ ಬಂತು. ಅದೇ ವರ್ಷದ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಮೊದಲ ತಂಡದಲ್ಲಿ ಫಾದರ್ ಮುಲ್ಲರ್ ಇದ್ದರು. ಅವರ ಸಾಮಾನುಗಳ ಜತೆ ಹೋಮಿಯೋಪತಿ ಮದ್ದಿನ ಒಂದು ಸಣ್ಣ ಪೆಟ್ಟಿಗೆಯೂ ಇತ್ತು.

1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಫಾದರ್ ಮುಲ್ಲರ್ ಜ್ವರ, ಭೇದಿ ಎಂದು ಬಂದ ವಿದ್ಯಾರ್ಥಿಗಳಿಗೆ ತಮ್ಮ ಪೆಟ್ಟಿಗೆಯಿಂದ ಮದ್ದು ಕೊಡುತ್ತಿದ್ದರು. ಸುದ್ದಿ ಹರಡಿತು. ವಿದ್ಯಾರ್ಥಿಗಳ ಹಿಂದೆ ಅವರ ಮನೆಯವರು, ಅವರ ಹಿಂದೆ ಊರಿನ ಬಡವರು ಬಂದರು. 1880ರಲ್ಲಿಯೇ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ಶುರುವಾಯಿತು. ಕಂಕನಾಡಿಯ ಆಲದ ಮರದಡಿಯಲ್ಲಿ ಅವರು ರೋಗಿಗಳನ್ನು ನೋಡುತ್ತಿದ್ದ ಸಂಗತಿಯನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ಹೋಮಿಯೋಪತಿಯ ಬಗ್ಗೆ ವೈದ್ಯ ವಿಜ್ಞಾನದಲ್ಲಿ ಇರುವ ವಾದ ವಿವಾದ ಇಲ್ಲಿ ನಮ್ಮ ವಿಷಯವಲ್ಲ. ನಾವು ನೋಡಬೇಕಾದುದು ಆ ಗುರುಗಳು ಮುಂದಿಟ್ಟ ಹೆಜ್ಜೆಯನ್ನು.

ಮದ್ದು ಕೊಟ್ಟು ಕಳುಹಿಸಲಾಗದವರು

ಔಷಧಾಲಯಕ್ಕೆ ಬಂದ ಹೆಚ್ಚಿನವರು ಮದ್ದು ಪಡೆದು ಮನೆಗೆ ಹೋಗುತ್ತಿದ್ದರು. ಕೆಲವರಿಗೆ ಹೋಗಲು ಮನೆಯೇ ಇರಲಿಲ್ಲ. ಅವರು ಕುಷ್ಠರೋಗ ಪೀಡಿತರು. ರೋಗದ ಗುರುತು ಮೈಮೇಲೆ ಕಂಡ ದಿನವೇ ಮನೆಯವರಿಗೆ ಅವರು ಬೇಡವಾಗುತ್ತಿದ್ದರು. ಬಾವಿ, ಛತ್ರ, ಸಂತೆ ಎಲ್ಲಿಯೂ ಅವರಿಗೆ ಜಾಗವಿರಲಿಲ್ಲ. ರಸ್ತೆ ಬದಿಯಲ್ಲಿ ಬೇಡಿ, ರಸ್ತೆ ಬದಿಯಲ್ಲೇ ಸಾಯುವುದು ಅವರ ಪಾಡಾಗಿತ್ತು. ಅಂಥವರಿಗೆ ವಾರಕ್ಕೊಂದು ಪೊಟ್ಟಣ ಮದ್ದು ಕೊಟ್ಟು ಬನ್ನಿ ಹೋಗಿ ಎಂದರೆ ಏನು ಪ್ರಯೋಜನ?

1889ರಲ್ಲಿ ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಲೇ ಅದೇ ರೋಗದಿಂದ ಫಾದರ್ ಡೇಮಿಯನ್ ತೀರಿಕೊಂಡರು. ಇಡೀ ಜಗತ್ತು ಆ ಸುದ್ದಿ ಕೇಳಿ ಕಣ್ತೆರೆಯಿತು. ಮರುವರ್ಷ, 1890ರಲ್ಲಿ, ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗಾಗಿ ಒಂದು ಆಶ್ರಮವನ್ನು ತೆರೆದರು. ಕುಷ್ಠರೋಗವನ್ನು ಗುಣಪಡಿಸುವ ಮದ್ದು ಆಗ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ಇಂದು ಬಳಸುವ ಬಹುಔಷಧ ಚಿಕಿತ್ಸೆ ಬಂದದ್ದು 1980ರ ದಶಕದಲ್ಲಿ. ಹೀಗಾಗಿ ಅವರು ಕೊಡಲು ಸಾಧ್ಯವಿದ್ದದ್ದು ಸೂರು, ಊಟ, ಗಾಯ ತೊಳೆದು ಕಟ್ಟುವ ಕೈ, ಹೆಸರು ಹಿಡಿದು ಕರೆಯುವ ಬಾಯಿ, ಸಾಯುವಾಗ ಪಕ್ಕದಲ್ಲಿ ಒಬ್ಬರು. ಅದನ್ನು ಅವರು ಕೊಟ್ಟರು. ಗುಣವಾಗುವವರಿಗೆ ಮಾತ್ರ ಜಾಗ ಎಂದು ಅವರು ಲೆಕ್ಕ ಹಾಕಲಿಲ್ಲ.

ಆಮೇಲೆ ಇತರ ರೋಗಿಗಳಿಗೂ ಆಸ್ಪತ್ರೆ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಲೇಗು ಮಂಗಳೂರಿಗೆ ಕಾಲಿಟ್ಟಾಗ ಊರವರು ಮನೆ ಬಿಟ್ಟು ಓಡುತ್ತಿದ್ದರೆ ಫಾದರ್ ಮುಲ್ಲರ್ ಪ್ಲೇಗು ರೋಗಿಗಳಿಗೂ ಆಸ್ಪತ್ರೆ ಮಾಡಿದರು. ಅಂದಿನ ಸರಕಾರ ಅವರಿಗೆ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟು ಗೌರವಿಸಿತು.

ಹಣ ಎಲ್ಲಿಂದ ಬಂತು?

ಈ ಭಾಗವನ್ನು ನಮ್ಮ ಚರ್ಚ್ ಪಾಲನಾ ಮಂಡಳಿಯ ಸದಸ್ಯರು, ಸಮಾಜಸೇವಾ ಘಟಕಗಳ ಕಾರ್ಯಕರ್ತರು ವಿಶೇಷವಾಗಿ ಗಮನಿಸಬೇಕು. ಆಶ್ರಮವೊಂದನ್ನು ಕಟ್ಟುವುದು ಒಮ್ಮೆಯ ಖರ್ಚು. ನಡೆಸುವುದು ದಿನದಿನದ ಖರ್ಚು. ಇಂದು ಅಕ್ಕಿ ಕೊಂಡರೆ ನಾಳೆಗೆ ಮತ್ತೆ ಬೇಕು. ದಾನಿಗಳು ಕಟ್ಟಡಕ್ಕೆ ಕೊಡುತ್ತಾರೆ, ಏಕೆಂದರೆ ಅಲ್ಲಿ ಕಲ್ಲಿನ ಮೇಲೆ ಹೆಸರು ಉಳಿಯುತ್ತದೆ. ಅಕ್ಕಿ, ಸಾಬೂನು, ಆಯಾಳ ಸಂಬಳಗಳಿಗೆ ಕಲ್ಲು ಹಾಕುವವರಿಲ್ಲ.

ಫಾದರ್ ಮುಲ್ಲರ್ ಇದಕ್ಕೆ ದಾರಿ ಕಂಡುಕೊಂಡದ್ದು ತಮ್ಮ ಮದ್ದಿನ ಪೆಟ್ಟಿಗೆಯಲ್ಲೇ. ಅವರು ವಿದೇಶದಿಂದ ಹೋಮಿಯೋಪತಿ ಮದ್ದುಗಳನ್ನು ತರಿಸಿದರು, ಕಂಕನಾಡಿಯಲ್ಲಿ ಸಿದ್ಧಪಡಿಸಿದರು, ಅಂಚೆಯ ಮೂಲಕ ದೇಶದ ಮೂಲೆ ಮೂಲೆಗೆ ಕಳುಹಿಸಿದರು. ಡಾಕ್ಟರಿಲ್ಲದ ಊರುಗಳಲ್ಲಿ ಇದ್ದವರು ಓದಿಕೊಂಡು ಮದ್ದು ಕೊಡಲು ಅನುಕೂಲವಾಗುವಂತೆ ಇಂಗ್ಲಿಷಿನಲ್ಲಿ ಪುಸ್ತಕಗಳನ್ನೂ ಬರೆದು ಅಚ್ಚು ಹಾಕಿಸಿದರು. ಪುಸ್ತಕ ಓದಿದವರು ಮದ್ದು ತರಿಸುತ್ತಿದ್ದರು. ಹಣವುಳ್ಳವರು ಬೆಲೆ ಕೊಟ್ಟು ಕೊಂಡರು, ಬಡವರು ಕಂಕನಾಡಿಯ ಔಷಧಾಲಯದಲ್ಲಿ ಧರ್ಮಾರ್ಥವಾಗಿ ಪಡೆದರು. ಮಾರಾಟದಿಂದ ಉಳಿದದ್ದು ಕುಷ್ಠರೋಗಿಗಳ ಅನ್ನಕ್ಕೂ ಆಸ್ಪತ್ರೆಗೂ ಹೋಯಿತು. ದಾನಿಗಳ ನೆರವೂ ಇತ್ತು. ಆದರೆ ದಾನ ನಿಂತ ತಿಂಗಳು ಒಲೆ ಆರಬಾರದು ಎಂಬ ವ್ಯವಸ್ಥೆ ಅದರ ಕೆಳಗೆ ಇತ್ತು.

ಧರ್ಮಗುರು ವ್ಯಾಪಾರ ಮಾಡಬಹುದೇ ಎಂದು ಕೆಲವರು ಕೇಳಬಹುದು. ಒಳ್ಳೆಯ ಸಮಾರಿತನ ಸಾಮತಿಯನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ್ದನ್ನು ನೆನಪಿಡುತ್ತೇವೆ. ಛತ್ರದವನ ಕೈಯಲ್ಲಿ ಎರಡು ಬೆಳ್ಳಿ ನಾಣ್ಯ ಇಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುವೆನೆಂದು ಒಪ್ಪಿಕೊಂಡದ್ದನ್ನು ಮರೆಯುತ್ತೇವೆ. ಕರುಣೆಗೆ ಲೆಕ್ಕದ ಪುಸ್ತಕವೂ ಬೇಕೆಂದು ಪ್ರಭು ಯೇಸುವಿನ ಆ ಕಥೆಯಲ್ಲೇ ಇದೆ. ಫಾದರ್ ಮುಲ್ಲರ್ ಆ ಸಾಮತಿಯನ್ನು ಕೊನೆಯ ಸಾಲಿನವರೆಗೂ ಓದಿದವರು.

ತೀರಿಕೊಂಡಾಗ ಅವರಿಗೆ 69 ವರ್ಷ. ಅವರು ಬಿಟ್ಟುಹೋದ ವ್ಯವಸ್ಥೆ ಅವರೊಂದಿಗೆ ಸಾಯಲಿಲ್ಲ. ಧರ್ಮಪ್ರಾಂತ, ಗುರುಗಳು, ಧರ್ಮಭಗಿನಿಯರು, ವೈದ್ಯರು ಅದನ್ನು ಬೆಳೆಸಿದರು. ಹೋಮಿಯೋಪತಿ ಕಾಲೇಜು 1985ರಲ್ಲಿ, ವೈದ್ಯಕೀಯ ಕಾಲೇಜು 1999ರಲ್ಲಿ ಆರಂಭವಾದವು. ಅದೇ ಕಂಕನಾಡಿಯಲ್ಲಿ ಇಂದು ಮನೋರೋಗ ವಿಭಾಗವೂ ಇದೆ.

ಅಂದಿನ ಕುಷ್ಠ, ಇಂದಿನ ಮನೋರೋಗ

ಫಾದರ್ ಮುಲ್ಲರ್ ಕಾಲದ ಕುಷ್ಠರೋಗಿಯ ಜಾಗದಲ್ಲಿ ಇಂದು ಯಾರಿದ್ದಾರೆ? ನಮ್ಮ ಉತ್ತರ: ಮನೆ ಕಳೆದುಕೊಂಡ ಮನೋರೋಗಿ. ವ್ಯತ್ಯಾಸ ಒಂದೇ. ಅಂದು ಮದ್ದಿರಲಿಲ್ಲ, ಒಬ್ಬ ಗುರು ಮನೆ ಕೊಟ್ಟರು. ಇಂದು ಮದ್ದಿದೆ, ಮನೆ ಇಲ್ಲ.

ಇದಕ್ಕೆ ಬಳ್ಳಾರಿ ಜಿಲ್ಲೆಗಿಂತ ಸ್ಪಷ್ಟ ಉದಾಹರಣೆ ಬೇಡ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಆ ಜಿಲ್ಲೆಯನ್ನು ಆಯ್ದುಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸಿ ಮದ್ದು ಕೊಡುವ ತರಬೇತಿ ನೀಡಿತು. ಹುಚ್ಚಾಸ್ಪತ್ರೆಗೆಂದು ದೂರದ ಊರಿಗೆ ಕರೆದುಕೊಂಡು ಹೋಗುವ ಬದಲು ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗುವಂತಾಯಿತು. ಈ ಬಳ್ಳಾರಿ ಮಾದರಿಯನ್ನೇ ಆಧರಿಸಿ 1996ರಲ್ಲಿ ಕೇಂದ್ರ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶಕ್ಕೆ ತಂದಿತು. ಇದು ಕನ್ನಡ ನಾಡಿಗೆ ಹೆಮ್ಮೆಯ ವಿಷಯ.

ಆದರೆ ಆ ಮಾದರಿ ನಿಂತಿರುವುದು ಮನೆಯವರ ಮೇಲೆ. ತಾಯಿ ಮಾತ್ರೆ ನುಂಗಿಸುತ್ತಾಳೆ, ಅಣ್ಣ ತಿಂಗಳಿಗೊಮ್ಮೆ ಕರೆದುಕೊಂಡು ಬರುತ್ತಾನೆ ಎಂಬ ಭರವಸೆಯ ಮೇಲೆ. ಮನೆಯವರೇ ಇಲ್ಲದವನಿಗೆ? ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಇದೆ. ಶಿಲಾಯುಗದ ಬೂದಿದಿಬ್ಬದಿಂದ ಹೆಸರಾದ ಊರು, ಈಗ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಊರು. ಕೆಲಸಕ್ಕಾಗಿ ತೋರಣಗಲ್ಲು, ಬಳ್ಳಾರಿ ಕಡೆ ಹೋಗಿರುವ ನಮ್ಮ ಕರಾವಳಿಯವರಿಗೆ ಪರಿಚಯದ ದಾರಿ. ಲಾರಿಗಳ ಸಾಲು, ರೈಲು, ಹೆದ್ದಾರಿ ಇರುವ ಇಂಥ ಊರುಗಳಲ್ಲಿ ಭಾಷೆ ಗೊತ್ತಿಲ್ಲದ, ಹೆಸರು ಹೇಳಲಾಗದ, ಜಡೆಗಟ್ಟಿದ ಕೂದಲಿನ ಒಬ್ಬ ಮನುಷ್ಯ ಎಲ್ಲಿಂದಲೋ ಬಂದು ಇಳಿಯುತ್ತಾನೆ. ಆರೋಗ್ಯ ಕೇಂದ್ರದ ಮಾತ್ರೆಯನ್ನು ಅವನು ಯಾವ ಕಪಾಟಿನಲ್ಲಿ ಇಡಬೇಕು? ರಾತ್ರಿ ಎಲ್ಲಿ ಮಲಗಬೇಕು? ಮಹಿಳೆಯಾದರೆ ಆ ರಾತ್ರಿಯ ಅಪಾಯವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಈ ಪ್ರಶ್ನೆಯನ್ನು ಒಪ್ಪಿಕೊಂಡಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಂತೆ ಅಲೆದಾಡುವ ಮನೋರೋಗಿಯನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಪೊಲೀಸ್ ಠಾಣಾಧಿಕಾರಿಯ ಕರ್ತವ್ಯ. ಮನೆಯವರು ಬೇಡವೆಂದರು, ಮನೆಯಿಲ್ಲ ಎಂಬ ಕಾರಣಕ್ಕೆ ಮಾತ್ರ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅವರಿಗಾಗಿ ಬೆಂಬಲವಿರುವ ವಸತಿಯನ್ನು ಒದಗಿಸಬೇಕಾದದ್ದು ಸರಕಾರ. ಕಾಗದದ ಮೇಲಿನ ಈ ಹಕ್ಕಿಗೆ ಬಾಡಿಗೆ ಕಟ್ಟುವವರು ಯಾರು ಎಂಬುದೇ ಉಳಿದಿರುವ ಪ್ರಶ್ನೆ.

ನಮ್ಮ ಕೈಯಲ್ಲಿ ಏನಿದೆ?

ದಾರಿ ತೋರಿಸಿದವರು ಇದ್ದಾರೆ. ಮಂಗಳೂರಿನ ವೈಟ್ ಡವ್ಸ್, ಮಂಜೇಶ್ವರದ ಸ್ನೇಹಾಲಯ ಸಂಸ್ಥೆಗಳು ಬೀದಿಯಿಂದ ಮನೋರೋಗಿಗಳನ್ನು ಕರೆತಂದು, ಚಿಕಿತ್ಸೆ ಕೊಡಿಸಿ, ಎಷ್ಟೋ ಜನರನ್ನು ದೂರದ ರಾಜ್ಯಗಳಲ್ಲಿರುವ ಅವರ ಕುಟುಂಬಗಳಿಗೆ ತಲುಪಿಸಿವೆ. ಕುಟುಂಬ ಸಿಗದವರಿಗೆ ಏನು ಎಂಬುದಕ್ಕೆ 1993ರಲ್ಲಿ ಆರಂಭವಾದ ಚೆನ್ನೈಯ ಬ್ಯಾನ್ಯನ್ ಸಂಸ್ಥೆ ಒಂದು ಉತ್ತರ ಕೊಟ್ಟಿದೆ. ಊರಿನ ನಡುವೆ ಸಾಮಾನ್ಯ ಬಾಡಿಗೆ ಮನೆ, ಅದರಲ್ಲಿ ನಾಲ್ಕೈದು ಜನ, ಜತೆಗೆ ನೆರವಿಗೆ ಒಬ್ಬ ಕಾರ್ಯಕರ್ತೆ. ಅವರೇ ಅಡುಗೆ ಮಾಡುತ್ತಾರೆ, ಪೇಟೆಗೆ ಹೋಗುತ್ತಾರೆ, ಕೈಲಾದವರು ಕೆಲಸಕ್ಕೂ ಹೋಗುತ್ತಾರೆ. ದೊಡ್ಡ ಕಟ್ಟಡವಿಲ್ಲ, ಎತ್ತರದ ಗೋಡೆಯಿಲ್ಲ.

ಗೋಡೆಯ ಅಪಾಯವನ್ನು ನಾವು ಮರೆಯಬಾರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮನೋರೋಗಿಗಳು ಬೆಂಕಿಗೆ ಆಹುತಿಯಾದರು. ಆಶ್ರಯ ಎಂಬ ಹೆಸರೊಂದೇ ಸಾಲದು. ನೋಂದಣಿ, ವೈದ್ಯರ ಭೇಟಿ, ತೆರೆದ ಬಾಗಿಲು ಇಲ್ಲದ ಆಶ್ರಯ ಪಾಪಕ್ಕೆ ದಾರಿ. ಚರ್ಚಿನ ಹೆಸರಿನಲ್ಲಿ ನಡೆಯುವುದಕ್ಕೂ ಈ ಮಾತು ಅನ್ವಯಿಸುತ್ತದೆ.

ಹಣದ ವಿಷಯಕ್ಕೆ ಬಂದರೆ, ಬಳ್ಳಾರಿಯಂಥ ಗಣಿ ಜಿಲ್ಲೆಯಲ್ಲಿ ಜಿಲ್ಲಾ ಖನಿಜ ನಿಧಿ ಇದೆ. ಆರೋಗ್ಯ ಮತ್ತು ಅಂಗವಿಕಲರ ಕಲ್ಯಾಣ ಅದರ ಆದ್ಯತೆಯ ಬಾಬತ್ತುಗಳಲ್ಲಿ ಸೇರಿವೆ. 2016ರ ಕಾಯಿದೆಯಂತೆ ಮನೋರೋಗವೂ ಅಂಗವೈಕಲ್ಯಗಳ ಪಟ್ಟಿಯಲ್ಲಿದೆ. ದೊಡ್ಡ ಕಂಪೆನಿಗಳು ತಮ್ಮ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕೆಂದು 2013ರ ಕಂಪೆನಿ ಕಾಯಿದೆ ಹೇಳುತ್ತದೆ. ಕೇಳಿದರೆ ಸಿಗಬಹುದು. ಆದರೆ ಇವೆಲ್ಲ ಬಹುಪಾಲು ಒಮ್ಮೆಯ ಹಣ. ಒಂದು ಮನೆಯ ಬಾಡಿಗೆ, ಅಕ್ಕಿ, ಕಾರ್ಯಕರ್ತೆಯ ಸಂಬಳ ತಿಂಗಳು ತಿಂಗಳೂ ಬೇಕು. ಅಲ್ಲಿ ನಮಗೆ ಫಾದರ್ ಮುಲ್ಲರ್ ಬೇಕಾಗುತ್ತಾರೆ.

ಒಂದು ವಲಯದ ಧರ್ಮಕೇಂದ್ರಗಳು ಸೇರಿ ಒಂದೇ ಒಂದು ಬಾಡಿಗೆ ಮನೆಯನ್ನು ನಡೆಸಬಹುದೇ? ತಪಸ್ಸುಕಾಲದ ಉಳಿತಾಯವನ್ನು ವರ್ಷಕ್ಕೊಮ್ಮೆ ಕೊಡುವ ಬದಲು ಪ್ರತಿ ವಾಳೆಯಿಂದ ತಿಂಗಳಿಗೆ ಸಣ್ಣ ಪಾಲು ಎಂದು ಮಾಡಬಹುದೇ? ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ತಮ್ಮ ಭೇಟಿಯ ಪಟ್ಟಿಗೆ ಆ ಮನೆಯನ್ನು ಸೇರಿಸಬಹುದೇ? ಕೊನೆಯದಾಗಿ, ಹಣಕ್ಕಿಂತ ಕಷ್ಟದ ಪ್ರಶ್ನೆ: ಅಂಥ ಮನೆ ನಮ್ಮ ಪಕ್ಕದಲ್ಲೇ ಬಂದರೆ ನಾವು ಅರ್ಜಿ ಬರೆದು ವಿರೋಧಿಸುವೆವೋ, ಹಬ್ಬದ ದಿನ ಒಂದು ಪಾತ್ರೆ ಪಾಯಸ ಕಳುಹಿಸುವೆವೋ? ಮುಂದಿನ ಪಾಲನಾ ಮಂಡಳಿ ಸಭೆಯಲ್ಲಿ ಈ ಪ್ರಶ್ನೆಗಳನ್ನು ಇಡಬೇಕೆಂದು ನಮ್ಮ ವಿನಂತಿ. ಕಂಕನಾಡಿಯ ಆ ಗುರುಗಳು ಒಂದು ಪೆಟ್ಟಿಗೆ ಮದ್ದಿನಿಂದ ಆರಂಭಿಸಿದರು. ನಾವು ಒಂದು ಮನೆಯಿಂದ ಆರಂಭಿಸೋಣ. ದೇವರು ನಮ್ಮೆಲ್ಲರನ್ನು ಆಶೀರ್ವದಿಸಲಿ.