ವಿ. ಕೆ. ಆರ್. ವಿ. ರಾವ್

ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್ ಎಂಬ ನೀಳವಾದ ಹೆಸರನ್ನು ಪೂರ್ಣವಾಗಿ ಉಚ್ಚರಿಸುತ್ತಿದ್ದವರು ಕಡಿಮೆ. ವಿ. ಕೆ. ಆರ್. ವಿ. ರಾವ್ ಎಂದೇ ಅವರು ನಾಡಿನಲ್ಲಿಯೂ ಹೊರದೇಶಗಳಲ್ಲಿಯೂ ಪ್ರಸಿದ್ಧರಾದರು. 1908ರ ಜುಲೈ 8ರಂದು ಕಾಂಚೀಪುರದಲ್ಲಿ ಜನಿಸಿದ ಅವರು ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನು ವ್ಯಾಸಂಗ ಮಾಡಿ, ಹೆಚ್ಚಿನ ಅಧ್ಯಯನಕ್ಕಾಗಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅರ್ಥಶಾಸ್ತ್ರದ ದಿಕ್ಕನ್ನೇ ಬದಲಿಸಿದ ಕೇನ್ಸ್ ಮಹಾಶಯರು ಆಗ ಅಲ್ಲಿದ್ದರು. 1937ರಲ್ಲಿ ರಾಯರು ಅಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು.

ಅವರು ಸಂಶೋಧನೆಗೆ ಆರಿಸಿಕೊಂಡ ವಿಷಯ ಸಾಮಾನ್ಯವಾದುದಲ್ಲ. ಪರಾಧೀನವಾಗಿದ್ದ ಭಾರತದ ಜನರೆಲ್ಲರೂ ಸೇರಿ ಒಂದು ವರ್ಷದಲ್ಲಿ ಗಳಿಸುವ ಆದಾಯವೆಷ್ಟು ಎಂಬುದನ್ನು ಅವರು ಕಂಡುಹಿಡಿಯಬೇಕಾಗಿತ್ತು. ದಾದಾಭಾಯಿ ನವರೋಜಿಯವರ ಕಾಲದಿಂದಲೂ ಈ ಲೆಕ್ಕ ನಡೆದೇ ಇತ್ತು. ಆದರೆ ಅದರಲ್ಲಿ ಊಹೆಯ ಪಾಲು ಹೆಚ್ಚಾಗಿತ್ತು. ರಾಯರು ಶಾಸ್ತ್ರೀಯವಾದ ಮಾರ್ಗವೊಂದನ್ನು ರೂಪಿಸಿಕೊಂಡರು. ಬೇಸಾಯದಂಥ ಕಸುಬುಗಳಲ್ಲಿ ಉತ್ಪನ್ನದ ಬೆಲೆಯನ್ನು ಎಣಿಸುವುದು, ಉಳಿದ ಉದ್ಯೋಗಗಳಲ್ಲಿ ಜನರ ವರಮಾನವನ್ನು ಎಣಿಸುವುದು, ಎರಡನ್ನೂ ಕೂಡಿಸುವುದು, ಇದೇ ಆ ಮಾರ್ಗ. ಹೇಳುವುದಕ್ಕೆ ಸುಲಭ. ಆದರೆ ಕೋಟ್ಯಂತರ ಮನೆಗಳ ಕೊಟ್ಟಿಗೆಗಳಲ್ಲಿ ಕರೆಯುವ ಹಾಲೆಷ್ಟು, ಹಳ್ಳಿಯ ಕುಂಬಾರನ ಸಂಪಾದನೆಯೆಷ್ಟು ಎಂಬುದಕ್ಕೆ ಸರಿಯಾದ ದಾಖಲೆಗಳು ಯಾವ ಕಚೇರಿಯಲ್ಲಿಯೂ ಇರಲಿಲ್ಲ. ಇಂಥ ಕೊರತೆಗಳ ನಡುವೆಯೇ ಅವರು 1931–32ನೆಯ ವರ್ಷದ ಲೆಕ್ಕವನ್ನು ಮುಗಿಸಿದರು. ತಲೆಯೊಂದಕ್ಕೆ ವರ್ಷಕ್ಕೆ 62 ರೂಪಾಯಿ ಎಂಬುದು ಅದರ ಫಲಿತಾಂಶ. ದಿನಕ್ಕೆ ಮೂರಾಣೆಯೂ ಆಗಲಿಲ್ಲ! ಇದಕ್ಕಿಂತಲೂ ಕಳವಳಕಾರಿಯಾದ ಸಂಗತಿ ಇನ್ನೊಂದಿತ್ತು. ಹಳ್ಳಿಯವನ ಆದಾಯ ಪಟ್ಟಣದವನ ಆದಾಯದ ಸುಮಾರು ಮೂರರಲ್ಲೊಂದು ಪಾಲು ಮಾತ್ರವಾಗಿತ್ತು. ಪಟ್ಟಣಕ್ಕೂ ಹಳ್ಳಿಗೂ ನಡುವಣ ಈ ಕಂದಕವನ್ನು ಅಂಕಿಗಳಲ್ಲಿ ಕಂಡವರು ಮುಂದೆ ಅದನ್ನು ಮರೆಯುವುದು ಸಾಧ್ಯವಿರಲಿಲ್ಲ.

ಸ್ವದೇಶಕ್ಕೆ ಮರಳಿದ ರಾಯರು ಅಹಮದಾಬಾದಿನ ಕಾಲೇಜೊಂದರ ಪ್ರಿನ್ಸಿಪಾಲರಾದರು. ಬಳಿಕ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಸಂಸ್ಥೆಗಳನ್ನು ಕಟ್ಟುವುದರಲ್ಲಿ ಅವರಿಗೆ ದಣಿವೆಂಬುದೇ ಇರಲಿಲ್ಲ. 1949ರಲ್ಲಿ ದೆಹಲಿ ಅರ್ಥಶಾಸ್ತ್ರ ಶಾಲೆಯನ್ನು ಸ್ಥಾಪಿಸಿದರು. ಕೆಲವು ವರ್ಷಗಳ ಮೇಲೆ ಆರ್ಥಿಕ ಬೆಳವಣಿಗೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. 1957ರಿಂದ 1960ರವರೆಗೆ ದೆಹಲಿ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಬಡ ರಾಷ್ಟ್ರಗಳಿಗೆ ಹಗುರವಾದ ಷರತ್ತುಗಳ ಮೇಲೆ ಸಾಲ ದೊರೆಯಬೇಕೆಂದು ವಿಶ್ವಸಂಸ್ಥೆಯಲ್ಲಿ ವಾದಿಸಿದವರಲ್ಲಿ ಅವರು ಮೊದಲಿಗರು. ಮುಂದೆ ಯೋಜನಾ ಆಯೋಗದ ಸದಸ್ಯರಾದರು. 1967ರಲ್ಲಿ ಬಳ್ಳಾರಿಯ ಮತದಾರರು ಅವರನ್ನು ಲೋಕಸಭೆಗೆ ಆರಿಸಿ ಕಳುಹಿಸಿದರು. 1971ರಲ್ಲಿ ಮತ್ತೊಮ್ಮೆ ಆರಿಸಿದರು. ಇಷ್ಟನ್ನೇ ಸಾಧಿಸಿ ನಿಂತಿದ್ದರೆ ವಿದ್ವಾಂಸರ ವಲಯದಲ್ಲಿ ಮಾತ್ರ ಅವರ ಹೆಸರು ಉಳಿಯುತ್ತಿತ್ತೋ ಏನೋ.

1969ರಲ್ಲಿ ರಾಯರು ಕೇಂದ್ರದ ಶಿಕ್ಷಣ ಮತ್ತು ಯುವಜನ ಸೇವಾ ಖಾತೆಯ ಸಚಿವರಾದರು. ಕಾಲೇಜು ವಿದ್ಯಾರ್ಥಿಗಳು ನಾಡಿನ ಸೇವೆಯಲ್ಲಿ ತೊಡಗಬೇಕೆಂಬ ಆಲೋಚನೆ ಹೊಸದೇನೂ ಆಗಿರಲಿಲ್ಲ. ಗಾಂಧೀಜಿಯವರು ವಿದ್ಯಾರ್ಥಿಗಳ ಮುಂದೆ ಅದನ್ನು ಮತ್ತೆ ಮತ್ತೆ ಇಟ್ಟಿದ್ದರು. ಸ್ವಾತಂತ್ರ್ಯಾನಂತರ ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ಆಯೋಗ ಅದನ್ನು ಶಿಫಾರಸು ಮಾಡಿತ್ತು. ಸಿ. ಡಿ. ದೇಶಮುಖರ ಸಮಿತಿ ಈ ಸೇವೆಯನ್ನು ಕಡ್ಡಾಯಗೊಳಿಸಬೇಕೆಂದಿತು. ಬೇರೆ ದೇಶಗಳ ಕ್ರಮವನ್ನು ಪರಿಶೀಲಿಸಿದ ಕೆ. ಜಿ. ಸೈಯಿದೈನ್ ಅವರು ಅದು ಸ್ವಯಂ ಇಚ್ಛೆಯಿಂದ ಬರಬೇಕೆಂದರು. ಕೊಠಾರಿ ಆಯೋಗವೂ ತನ್ನ ಮಾತನ್ನು ಸೇರಿಸಿತು. ಹೀಗೆ ಇಪ್ಪತ್ತು ವರ್ಷಗಳ ಕಾಲ ವರದಿಯ ಮೇಲೆ ವರದಿ ಬಂದವು. ವಿದ್ಯಾರ್ಥಿ ಮಾತ್ರ ತರಗತಿಯ ಬೆಂಚಿನಿಂದ ಏಳಲಿಲ್ಲ.

ಆ ಕಾಲದ ಸನ್ನಿವೇಶವೂ ಕ್ಲಿಷ್ಟವಾಗಿತ್ತು. ಕಾಲೇಜುಗಳ ಸಂಖ್ಯೆ ಬೆಳೆದಿತ್ತು. ಅದರೊಡನೆ ವಿದ್ಯಾರ್ಥಿಗಳ ಅಸಮಾಧಾನವೂ ಬೆಳೆದು, ಮುಷ್ಕರಗಳು ಸಾಮಾನ್ಯವಾಗಿದ್ದವು. ರೈತನು ತೆತ್ತ ಕಂದಾಯದಿಂದ ಓದಿದವನಿಗೆ ರೈತನ ಬದುಕೇ ಅಪರಿಚಿತವಾಗುತ್ತಿತ್ತು. ಹಳ್ಳಿಯಿಂದಲೇ ಬಂದ ಹುಡುಗನೂ ಪದವಿಯನ್ನು ಪಡೆದ ಮೇಲೆ ಅತ್ತ ತಿರುಗಿ ನೋಡಲು ನಾಚುತ್ತಿದ್ದುದುಂಟು. ಇಂಥ ಸಮಯದಲ್ಲಿ, ಗಾಂಧೀ ಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ರಾಯರು ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆ ನೀಡಿದರು. ಮೊದಲ ವರ್ಷ 37 ವಿಶ್ವವಿದ್ಯಾನಿಲಯಗಳ ಸುಮಾರು 40,000 ವಿದ್ಯಾರ್ಥಿಗಳು ಅದರಲ್ಲಿ ಸೇರಿದರು. ದೇಶದ ಒಟ್ಟು ವಿದ್ಯಾರ್ಥಿಗಳ ಸಂಖ್ಯೆಯನ್ನು ನೆನೆದರೆ ಇದು ಅಲ್ಪವೇ. ಆದರೆ ಕಡ್ಡಾಯವಿಲ್ಲದ ಮಾರ್ಗವನ್ನು ಹಿಡಿದ ಮೇಲೆ ಹೀಗೆ ಸಣ್ಣದಾಗಿ ಮೊದಲಿಡುವುದೇ ವಿವೇಕವಾಗಿತ್ತು. ಕೋಣಾರ್ಕದ ಸೂರ್ಯ ದೇವಾಲಯದ ರಥಚಕ್ರ ಈ ಯೋಜನೆಯ ಲಾಂಛನವಾಯಿತು. ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳ ಸೇವೆ, ಜೊತೆಗೆ ಆಯ್ದ ಹಳ್ಳಿಯಲ್ಲಿ ಕೆಲವು ದಿನಗಳ ವಿಶೇಷ ಶಿಬಿರ ಎಂಬ ಕ್ರಮ ಬಳಕೆಗೆ ಬಂದಿತು.

ಈ ಶಿಬಿರಗಳನ್ನು ಕುರಿತು ಟೀಕೆಗಳು ಇಲ್ಲದಿಲ್ಲ. ವಿದ್ಯಾರ್ಥಿಗಳು ಮಣ್ಣು ಹಾಕಿದ ರಸ್ತೆ ಮುಂದಿನ ಮುಂಗಾರಿಗೇ ಕೊಚ್ಚಿಹೋದದ್ದುಂಟು. ಗುದ್ದಲಿಯನ್ನು ಹಿಡಿದು ಅಭ್ಯಾಸವಿಲ್ಲದ ಕೈಗಳಲ್ಲಿ ಬೊಕ್ಕೆ ಎದ್ದು, ಒಬ್ಬ ಕೂಲಿಯಾಳು ಮಾಡುವ ಕೆಲಸಕ್ಕೆ ಮೂವರು ಬೇಕಾದದ್ದೂ ಉಂಟು. ಕೆಲಸದ ಅಳತೆಯೊಂದನ್ನೇ ನೋಡುವುದಾದರೆ ಈ ಟೀಕೆ ನ್ಯಾಯವೇ. ಆದರೆ ಹಳ್ಳಿಗೆ ವಿದ್ಯಾರ್ಥಿ ಕೊಡುವುದಕ್ಕಿಂತ ಹಳ್ಳಿಯಿಂದ ಅವನು ಪಡೆಯುವುದೇ ಹೆಚ್ಚು. ಯೋಜನೆಯ ಸಾರ ಇರುವುದೂ ಅಲ್ಲಿಯೇ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಚೇಳೂರನ್ನು ತೆಗೆದುಕೊಳ್ಳಬಹುದು. ಅದು ಹಲಸಿನ ವ್ಯಾಪಾರಕ್ಕೆ ಹೆಸರಾದ ಊರು. ಅಂಥ ಊರಿನಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬ ಒಂದು ವಾರ ತಂಗಿದನೆನ್ನೋಣ. ಬೆಳಗ್ಗೆ ಕೆರೆಯ ಹೂಳೆತ್ತಿ, ಬಚ್ಚಲ ನೀರು ಬೀದಿಗೆ ಹರಿಯದಂತೆ ಇಂಗುಗುಂಡಿ ತೋಡಿ, ಸಂಜೆ ಮನೆಮನೆಯ ಜಗಲಿಯಲ್ಲಿ ಕುಳಿತು ಪಟ್ಟಿ ಬರೆದುಕೊಳ್ಳುತ್ತಾನೆ. ಮರದಿಂದ ಇಳಿಸಿದ ಹಣ್ಣಿಗೆ ರೈತನಿಗೆ ದೊರೆತದ್ದೆಷ್ಟು, ಗಾಡಿ ಬಾಡಿಗೆಗೆ ಹೋದದ್ದೆಷ್ಟು, ದಲ್ಲಾಳಿಗೆ ಸಂದದ್ದೆಷ್ಟು, ಅದೇ ಹಣ್ಣು ಬೆಂಗಳೂರಿನ ಬೀದಿಯಲ್ಲಿ ತೊಳೆಯ ಲೆಕ್ಕದಲ್ಲಿ ಮಾರಾಟವಾದಾಗ ಬಂದದ್ದೆಷ್ಟು? ಪುಸ್ತಕದಲ್ಲಿ ಬೆಲೆ, ಲಾಭ, ವಿತರಣೆ ಎಂದು ಬಾಯಿಪಾಠ ಮಾಡಿದ ಮಾತುಗಳಿಗೆ ಅಲ್ಲಿ ಜೀವ ಬರುತ್ತದೆ. ಕೇಂಬ್ರಿಜಿನಲ್ಲಿ ಕುಳಿತು ರಾಯರು ಕೂಡಿಸಿದ ಮಹಾಲೆಕ್ಕವೂ ಇಂಥ ಸಣ್ಣ ಸಣ್ಣ ಲೆಕ್ಕಗಳಿಂದಲೇ ಆಗಬೇಕಾದದ್ದು.

ಯೋಜನೆಯ ಮೊದಲ ದೊಡ್ಡ ಪರೀಕ್ಷೆ ಬೇಗನೆ ಬಂದಿತು. 1972–73ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಮುಂತಾದ ರಾಜ್ಯಗಳು ಭೀಕರವಾದ ಬರಕ್ಕೆ ತುತ್ತಾದವು. 1973ರಲ್ಲಿ ಬರದ ವಿರುದ್ಧ ಯುವಜನರು ಎಂಬ ವಿಷಯವನ್ನಿಟ್ಟುಕೊಂಡು ದೇಶದಾದ್ಯಂತ ಶಿಬಿರಗಳು ನಡೆದವು.

ಆ ವೇಳೆಗೆ ರಾಯರು ಸಚಿವ ಪದವಿಯಲ್ಲಿರಲಿಲ್ಲ. ಅರವತ್ತು ದಾಟಿದ್ದ ಅವರು ವಿಶ್ರಾಂತಿಯನ್ನು ಬಯಸದೆ, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿ ಅದರ ಮೊದಲ ನಿರ್ದೇಶಕರಾದರು. ಅರ್ಥಶಾಸ್ತ್ರಜ್ಞನಾದವನು ಸಮಾಜಶಾಸ್ತ್ರಜ್ಞನೊಡನೆ ಕಲೆತು ಕೆಲಸ ಮಾಡದಿದ್ದರೆ ಹಳ್ಳಿಯ ಬಡತನ ಅರ್ಥವಾಗದೆಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲಸಿ ಅಲ್ಲಿನ ಜನಜೀವನವನ್ನು ಅಭ್ಯಸಿಸಿದ್ದ ಎಂ. ಎನ್. ಶ್ರೀನಿವಾಸರು ದೆಹಲಿಯನ್ನು ಬಿಟ್ಟು ಈ ಸಂಸ್ಥೆಗೆ ಬಂದುದು ಆ ನಂಬಿಕೆಗೆ ದೊರೆತ ಬಲ. ಲೆಕ್ಕ ಹಾಕುವವರೂ ಜಗಲಿಯಲ್ಲಿ ಕುಳಿತು ಮಾತನ್ನು ಆಲಿಸುವವರೂ ಹೀಗೆ ಒಂದೇ ಸೂರಿನಡಿ ಸೇರಿದರು.

1974ರಲ್ಲಿ ಭಾರತ ಸರ್ಕಾರ ರಾಯರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. 1991ರ ಜುಲೈ 25ರಂದು, ತಮ್ಮ ಎಂಬತ್ತಮೂರನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅವರು ಕಟ್ಟಿದ ಸಂಸ್ಥೆ ಈಗ ಬೆಂಗಳೂರಿನ ನಾಗರಭಾವಿಯಲ್ಲಿದೆ. ಅಲ್ಲಿನ ಗ್ರಂಥಾಲಯಕ್ಕೆ ಅವರ ಹೆಸರನ್ನಿಡಲಾಗಿದೆ. ಸೆಪ್ಟೆಂಬರ್ 24ನ್ನು ಕಾಲೇಜುಗಳು ಇಂದಿಗೂ ರಾಷ್ಟ್ರೀಯ ಸೇವಾ ಯೋಜನೆಯ ದಿನವೆಂದು ಆಚರಿಸುತ್ತವೆ.