ಬಾಣಂತಿಯರ ಜೀವ ಉಳಿಸಿದ ಕೈ ತೊಳೆಯುವ ಪಾಠ

ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಕೂಸನ್ನು ಮುಟ್ಟಬಾರದು ಅನ್ನೋದು ಮುಳವಾಡದಂಥ ಊರಲ್ಲೂ ವಿಜಯಪುರದ ಪೇಟೆ ಮನೆಗಳಲ್ಲೂ ಹಿರಿಯರು ಹೇಳುವ ಮಾತು. ಇದೇ ಮಾತನ್ನು ದೊಡ್ಡ ದೊಡ್ಡ ಡಾಕ್ಟರುಗಳಿಗೆ ಹೇಳಿ ವಿರೋಧ ಕಟ್ಟಿಕೊಂಡ ವೈದ್ಯರೊಬ್ಬರಿದ್ದರು. ಅವರೇ ಇಗ್ನಾಜ್ ಸೆಮ್ಮೆಲ್‌ವೈಸ್.

ಹುಟ್ಟಿದ್ದು 1818ರ ಜುಲೈ 1ರಂದು, ಹಂಗೇರಿಯ ಬುಡಾದಲ್ಲಿ. ತಂದೆ ಕಿರಾಣಿ ವ್ಯಾಪಾರಿ. ಕಾನೂನು ಓದಲೆಂದು ವಿಯೆನ್ನಾಕ್ಕೆ ಹೋದವರು ಮನಸ್ಸು ಬದಲಿಸಿ ವೈದ್ಯರಾದರು. 1846ರಲ್ಲಿ ವಿಯೆನ್ನಾ ಜನರಲ್ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಸೇರಿದರು.

ಅಲ್ಲಿ ಹೆರಿಗೆಗೆ ಎರಡು ವಾರ್ಡುಗಳು. ಒಂದನ್ನು ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದರು, ಇನ್ನೊಂದನ್ನು ಡಾಕ್ಟರುಗಳು ಮತ್ತು ವಿದ್ಯಾರ್ಥಿಗಳು. ಆ ವರ್ಷ ಸೂಲಗಿತ್ತಿಯರ ವಾರ್ಡಿನಲ್ಲಿ ನೂರಕ್ಕೆ ಮೂವರಿಗಿಂತ ಕಡಿಮೆ ತಾಯಂದಿರು ಸತ್ತರೆ, ಡಾಕ್ಟರುಗಳ ವಾರ್ಡಿನಲ್ಲಿ ಸುಮಾರು 11 ಮಂದಿ! ಹೆಚ್ಚಿನವರನ್ನು ಬಲಿ ತೆಗೆದುಕೊಂಡಿದ್ದು ಬಾಣಂತಿ ಜ್ವರ. ಡಾಕ್ಟರ ವಾರ್ಡು ಬೇಡವೆಂದು ಗರ್ಭಿಣಿಯರು ಗೋಗರೆಯುತ್ತಿದ್ದರಂತೆ.

1847ರಲ್ಲಿ ಸೆಮ್ಮೆಲ್‌ವೈಸ್ ಅವರ ಗೆಳೆಯ, ವೈದ್ಯ ಕೊಲೆಚ್ಕಾ, ಶವಪರೀಕ್ಷೆ ವೇಳೆ ಚಾಕು ತಗುಲಿ ನಂಜೇರಿ ತೀರಿಕೊಂಡರು. ಬಾಣಂತಿಯರಿಗೆ ಬರುತ್ತಿದ್ದ ಲಕ್ಷಣಗಳೇ ಅವರಲ್ಲೂ ಇದ್ದವು. ಸೆಮ್ಮೆಲ್‌ವೈಸ್‌ಗೆ ಗುಟ್ಟು ಹೊಳೆಯಿತು. ಶವ ಕೊಯ್ದ ಕೈಯಲ್ಲೇ ಡಾಕ್ಟರುಗಳು ಹೆರಿಗೆ ಮಾಡಿಸುತ್ತಿದ್ದರು! ಸೂಲಗಿತ್ತಿಯರಿಗೆ ಶವದ ಕೆಲಸ ಇರಲಿಲ್ಲ.

ಅದೇ ಮೇ ತಿಂಗಳಿಂದ ಎಲ್ಲರೂ ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟಪ್ಪಣೆ ಮಾಡಿದರು. ನಾವಿಂದು ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದೇ ಜಾತಿಯದು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಎರಡರ ಆಸುಪಾಸಿಗೆ ಇಳಿಯಿತು.

ಆದರೆ ರೋಗಾಣುಗಳ ವಿಷಯ ಆಗಿನ್ನೂ ತಿಳಿದಿರಲಿಲ್ಲ. ತಮ್ಮ ಕೈಯಿಂದಲೇ ಸಾವು ಬರುತ್ತದೆ ಅಂದರೆ ಒಪ್ಪಲು ಅನೇಕ ವೈದ್ಯರು ತಯಾರಿರಲಿಲ್ಲ. 1849ರಲ್ಲಿ ಅವರ ಹುದ್ದೆ ಮುಂದುವರಿಯಲಿಲ್ಲ. ಊರಿಗೆ ಮರಳಿ ಪೆಸ್ಟ್‌ನ ಆಸ್ಪತ್ರೆಯಲ್ಲೂ ಸಾವು ತಗ್ಗಿಸಿದರು. ಕೊನೆಗೆ ಮನಸ್ಸಿನ ಸ್ವಾಸ್ಥ್ಯ ಕೆಟ್ಟು, 1865ರ ಆಗಸ್ಟ್ 13ರಂದು ವಿಯೆನ್ನಾದ ಮನೋರೋಗಿಗಳ ಆಸ್ಪತ್ರೆಯಲ್ಲಿ, ಗಾಯಕ್ಕೆ ನಂಜೇರಿ ತೀರಿಕೊಂಡರು. ವಯಸ್ಸು ಬರೀ 47. ಮುಂದೆ ಪಾಶ್ಚರ್, ಲಿಸ್ಟರ್ ಅವರ ಕೆಲಸದಿಂದ ಜಗತ್ತು ಇವರ ಮಾತನ್ನು ಒಪ್ಪಿತು. ಇಂದು ಬುಡಾಪೆಸ್ಟ್‌ನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು.

ನೋಡೋಕೆ ಶುಭ್ರವಾಗಿರುವ ಕೈ ಶುಭ್ರವೇ ಆಗಿರಬೇಕಿಲ್ಲ ಅನ್ನೋದೇ ಅವರ ಜೀವನ ಕಲಿಸುವ ಪಾಠ. ಮನೆಯಲ್ಲಿ ನಮಗೆ ಬ್ಲೀಚಿಂಗ್ ಪೌಡರ್ ಬೇಡ, ಅದು ಚರ್ಮ ಸುಡುತ್ತದೆ. ಸಾಬೂನು ಸಾಕು. ರೊಟ್ಟಿ ಹಿಟ್ಟು ನಾದುವ ಮುನ್ನ, ಮಗುವಿಗೆ ಉಣಿಸುವ ಮುನ್ನ, ಶೌಚಕ್ಕೆ ಹೋಗಿ ಬಂದ ಮೇಲೆ, ಮಗುವಿನ ಕಕ್ಕ ತೊಳೆದ ಮೇಲೆ ಕೈ ತೊಳೆಯಲೇಬೇಕು. ಬೆರಳ ಸಂದು, ಉಗುರು, ಉಂಗುರದ ಅಡಿ ಬಿಡದೆ 20 ಸೆಕೆಂಡು ನೊರೆ ಬರಿಸಿ ಉಜ್ಜಿ, ಹರಿಯುವ ನೀರಲ್ಲಿ ತೊಳೆಯಿರಿ. ಒರೆಸಲು ಸೆರಗು ಬೇಡ, ಒಗೆದ ಟವೆಲ್ ಇರಲಿ.

ಕೂಸನ್ನು ನೋಡಲು ಬಂದವರು ನೆಂಟರಿರಲಿ, ನರ್ಸಮ್ಮ ಇರಲಿ, ಮೊದಲು ಕೈ ತೊಳೆದುಕೊಳ್ಳಿ ಅಂತ ನಗುನಗುತ್ತಲೇ ಹೇಳಿ. ಸಂಕೋಚ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.